ಮೂರನೇ ನಂಬರ್ ಬೋಟಿನ ಚುಕ್ಕಾಣಿ

14 ಫೆಬ್ರುವರಿ 2025, ಶುಕ್ರವಾರ. ಗಾಣಗಾಪುರ

ಈ ಊರಿನಲ್ಲಿ ದುಡಿದು ತಿನ್ನುವವರನ್ನು ಎಣಿಸಲು ಒಂದು ಕೈಯ ಬೆರಳು ಸಾಕು. ಉಳಿದವರು ಬೇಡುವವರು, ಬೇಡಿಸುವವರು, ಇಲ್ಲವೇ ಬೇಡುವವರಿಗೆ ಖೋಲಿ ಬಾಡಿಗೆ ಕೊಡುವವರು. ಇಂಥಲ್ಲಿ ದೌಲತರಾಯನಾದ ನಾನು ನಲವತ್ತೊಂದು ದಿನ ಇರಬೇಕಂತೆ. ನಿನ್ನೆಗೆ ಒಂದು ದಿನ ಮುಗಿಯಿತು.

ಬೈಯಬೇಕಾದದ್ದು ನನ್ನ ಎದೆಯನ್ನು. ನವೆಂಬರಿನಲ್ಲಿ ಸೊಲ್ಲಾಪುರದಲ್ಲಿ ಅದನ್ನು ಕೊಯ್ದು ಹೊಲಿದರು. ನಾನು ಒಳಗೆ ಮಲಗಿದ್ದಾಗ ನನ್ನ ಹೆಂಡತಿ ಸುಮಿತ್ರಾಬಾಯಿ ಹೊರಗೆ ಬೆಂಚಿನ ಮೇಲೆ ಕುಳಿತು ಹರಕೆ ಹೊತ್ತಿದ್ದಾಳೆ. ಗಂಡ ನಡೆದುಕೊಂಡು ಮನೆಗೆ ಬಂದರೆ ಗಾಣಗಾಪುರದಲ್ಲಿ ನಲವತ್ತೊಂದು ದಿನ ಮಾಧುಕರಿ. ಅಂದರೆ ಮಧ್ಯಾಹ್ನ ಹನ್ನೆರಡಕ್ಕೆ ಜೋಳಿಗೆ ಹಾಕಿಕೊಂಡು ಬರಿಗಾಲಲ್ಲಿ ಐದು ಮನೆ ಮುಂದೆ ನಿಲ್ಲುವುದು, ಬಂದದ್ದನ್ನು ಗಂಡ ಹೆಂಡತಿ ಹಂಚಿಕೊಂಡು ಉಣ್ಣುವುದು. ಒಂದು ತುತ್ತೂ ಚೆಲ್ಲುವಂತಿಲ್ಲ. ಆ ಹೊತ್ತಿಗೆ ದತ್ತಾತ್ರೇಯನೂ ಯಾವುದೋ ವೇಷದಲ್ಲಿ ಊರಲ್ಲಿ ಬೇಡುತ್ತಿರುತ್ತಾನಂತೆ. ಅವನಿಗಾದರೂ ಒಂದು ಕೆಲಸ ಹುಡುಕಿಕೊಡಬಾರದೆ?

ಮೊದಲು ಭೂಸನೂರ, ಆಮೇಲೆ ಹವಳಗಾ, ಎರಡೂ ಕಡೆ ಸೇರಿ ಸಕ್ಕರೆ ಫ್ಯಾಕ್ಟರಿಯಲ್ಲಿ ಮೂವತ್ನಾಲ್ಕು ವರ್ಷ ಫಿಟ್ಟರ್ ಆಗಿದ್ದವನು ನಾನು. ನನ್ನಪ್ಪ ಇಷ್ಟಲಿಂಗ ಕಟ್ಟಿದ ದಿನ ಹೇಳಿದ್ದು ಒಂದೇ ಮಾತು, ಕೈ ಒಡ್ಡಬೇಡ ಅಂತ. ಒಡ್ಡಿಲ್ಲ. ಈಗ ನನ್ನ ಹೆಂಡತಿ ಒಡ್ಡುತ್ತಿದ್ದಾಳೆ, ಅದೂ ನನ್ನ ಹೆಸರಿನಲ್ಲಿ.

17 ಫೆಬ್ರುವರಿ, ಸೋಮವಾರ

ಹೊತ್ತು ಹೋಗದೆ ಸಿದ್ದಲಿಂಗನ ಬೋಟು ರಿಪೇರಿಗೆ ಕುಳಿತಿದ್ದೇನೆ. ಸಿದ್ದಲಿಂಗ ಅಂದರೆ ನನ್ನ ಹೆಂಡತಿಯ ತಮ್ಮ. ಸಂಗಮದ ಹತ್ತಿರ ಭೀಮಾ ನದಿಯ ನಿಂತ ನೀರಿನಲ್ಲಿ ಆರು ಪೆಡಲ್ ಬೋಟು ಬಿಟ್ಟಿದ್ದಾನೆ. ಮುಂದೆ ಹಂಸದ ಕುತ್ತಿಗೆ, ಹಿಂದೆ ಚುಕ್ಕಾಣಿ, ನಡುವೆ ಏದುಸಿರು ಬಿಡುತ್ತ ಕಾಲು ತುಳಿಯುವ ಭಕ್ತರು. ಬಣ್ಣ ಹೋಗಿ ಹಂಸಗಳೆಲ್ಲ ಕೊಕ್ಕರೆಗಳಾಗಿವೆ. ಇದಕ್ಕೆ ಅವನು ಇಟ್ಟ ಹೆಸರು ‘ಜಲವಿಹಾರ’.

ಘಾಟಿನಲ್ಲಿ ಕೆಲಸದವನು ಒಬ್ಬನೇ. ಬೋಟು ಕಟ್ಟುತ್ತಾನೆ, ಬಿಚ್ಚುತ್ತಾನೆ, ಜನರನ್ನು ಹತ್ತಿಸಿ ಇಳಿಸುತ್ತಾನೆ. ಬೆಳಗಿನ ಹೊತ್ತು ತನ್ನ ತೆಪ್ಪದಲ್ಲಿ ಮೀನು ಹಿಡಿಯುತ್ತಾನೆ. ಹೆಸರು ಜಗದೇವ ಅಂತೆ. ಹತ್ತು ಮಾತು ಆಡಿದರೆ ಒಂದು ಉತ್ತರ. ಇಂಥವರು ಸೋಮಾರಿಗಳಾಗಿರುತ್ತಾರೆ ಅಥವಾ ಕಳ್ಳರಾಗಿರುತ್ತಾರೆ. ಇವನು ಯಾವುದೆಂದು ಇನ್ನೂ ತಿಳಿದಿಲ್ಲ.

ಒಂದು ಗಂಟೆಗೆ ಸುಮಿತ್ರಾಬಾಯಿ ನನ್ನ ಪಾಲಿನ ಡಬ್ಬಿ ಕೊಟ್ಟು, ತನ್ನ ಪಾಲು ಉಣ್ಣಲು ಖೋಲಿಗೆ ಹೋಗುತ್ತಾಳೆ. ಸಾಲಿನ ಕೊನೆಗೆ, ಜಾಲಿ ಗಿಡದ ನೆರಳಿಗೆ, ಮೂರನೇ ನಂಬರ್ ಬೋಟು ಕಟ್ಟಿದೆ. ಅದರ ಹಿಂಭಾಗದಲ್ಲಿ ಕುಳಿತು ಡಬ್ಬಿ ಬಿಚ್ಚಿ, ರೊಟ್ಟಿ ಮುರಿದು ನೀರಿಗೆ ಹಾಕುತ್ತೇನೆ. ಮೊದಲ ದಿನದಿಂದ ಹೀಗೇ ನಡೆದಿದೆ. ಬೇಡಿ ತಂದ ತುತ್ತು ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಮೀನುಗಳಿಗೆ ಮಾನವಿಲ್ಲ, ತಿನ್ನುತ್ತವೆ. ಆಮೇಲೆ ಡಬ್ಬಿ ತೊಳೆದು ಶಮಶಾದಳ ಚಹಾದಂಗಡಿಗೆ ಹೋಗಿ ಮೆಣಸಿನಕಾಯಿ ಭಜಿ ತಿನ್ನುತ್ತೇನೆ. ಎಣ್ಣೆ ಮುಟ್ಟಬೇಡಿ ಅಂದ ಡಾಕ್ಟರ್ ಕೂಡ ಬೇಡಿ ತಿನ್ನಿ ಅನ್ನಲಿಲ್ಲ.

24 ಫೆಬ್ರುವರಿ, ಸೋಮವಾರ

ಮೂರನೇ ನಂಬರಿನ ಚುಕ್ಕಾಣಿ ಮುರಿದಿದೆ. ಅರ್ಧ ಹಲಗೆಯೇ ಇಲ್ಲ. ಭಜಿ ತಿಂದು ಬರುವಷ್ಟರಲ್ಲಿ ಆದದ್ದು.

“ಕಲ್ಲಿಗಿ ಬಡದಿರಬೇಕು ಮಾಮಾ,” ಅಂದ ಸಿದ್ದಲಿಂಗ. ಕಟ್ಟಿಹಾಕಿದ ಬೋಟು ಯಾವ ಕಲ್ಲಿಗೆ ಹೋಗಿ ಬಡಿಯುತ್ತದೆ? ಇವನು ಮಾಲಕ!

ಜಗದೇವ ಬಗ್ಗಿ ನೋಡಿ, “ಮೊಸಳಿರಿ,” ಅಂದ. ಅಷ್ಟೇ. ಹಲಗೆಯ ಮೇಲೆ ಸಾಲಾಗಿ ತೂತುಗಳಿದ್ದವು, ಒಂದೊಂದರಲ್ಲಿ ಬೆರಳು ಹೋಗುತ್ತಿತ್ತು.

26 ಫೆಬ್ರುವರಿ, ಬುಧವಾರ

ಶಿವರಾತ್ರಿ. ಇಬ್ಬರಿಗೂ ಉಪವಾಸ. ಜೋಳಿಗೆಗೆ ಬಂದ ಹಣ್ಣನ್ನು ಅವಳು ನಾಳೆಗೆ ಎತ್ತಿಟ್ಟಳು. ಡಬ್ಬಿಯಿಲ್ಲ, ಭಜಿಯಿಲ್ಲ. ಮೊಸಳೆಯೂ ಬರಲಿಲ್ಲ. ಅದಕ್ಕೂ ಉಪವಾಸವಿದ್ದೀತು, ಈ ಊರಿನ ಮೊಸಳೆಯಲ್ಲವೇ.

1 ಮಾರ್ಚ್, ಶನಿವಾರ

ಮತ್ತೆ ಎರಡು ಸಲ ಮೂರನೇ ನಂಬರಿನದೇ ಚುಕ್ಕಾಣಿ ಹೋಯಿತು, ಉಳಿದ ದಿನ ಮೊಸಳೆ ಬಂದು ಅದರ ಸುತ್ತ ಸುಳಿದು ಹೋಗಿದೆ. ಒಮ್ಮೆ ಕಟ್ಟಿದ್ದಾಗ. ಇನ್ನೊಮ್ಮೆ ಜನ ಹತ್ತಿ ದಂಡೆ ಬಿಟ್ಟ ಕೂಡಲೇ ಹಿಂದಿನಿಂದ ಬಂದು ಕಚ್ಚಿ ಎಳೆದಿದೆ. ಒಳಗಿದ್ದ ಲಾತೂರಿನ ಹೆಣ್ಣುಮಗಳು ಕಿರುಚಿದ್ದು ಸಂಗಮದಾಚೆಗೂ ಕೇಳಿಸಿರಬೇಕು.

ಸಿದ್ದಲಿಂಗನ ಉಪಾಯಗಳನ್ನು ಬರೆದಿಡುತ್ತೇನೆ, ಮುಂದೆ ನಗಲು ಬೇಕಾಗುತ್ತದೆ. ಮೊದಲನೆಯದು ಹಲಗಿ, ಅಂದರೆ ತಮಟೆ, ಬಡಿಸುವುದು. ಇಬ್ಬರು ಬಂದು ದಂಡೆಯ ಮೇಲೆ ತಾಸು ಹೊತ್ತು ಬಡಿದರು. ಮೊಸಳೆ ಆಚೆ ದಂಡೆಯ ಉಸುಕಿನ ಮೇಲೆ ಬಾಯಿ ತೆರೆದು ಮಲಗಿ ಕೇಳಿತು. ಆಮೇಲೆ ಪಟಾಕಿ. ಒಂದು ಸಿಡಿದು ನಾಲ್ಕನೇ ನಂಬರಿನ ಹಂಸದ ಕೊಕ್ಕು ಸುಟ್ಟಿತು. ನಿನ್ನೆ ಖಾರಪುಡಿ. ಗಾಳಿ ತಿರುಗಿ ಭಕ್ತರೆಲ್ಲ ಕಣ್ಣೊರೆಸಿಕೊಂಡರು, ಭಕ್ತಿಯಿಂದ ಅಂತ ಸಿದ್ದಲಿಂಗ ಹೇಳಿಕೊಳ್ಳಬಹುದು. ಇವತ್ತು ಮೊಬೈಲಿನಿಂದ ದೊಡ್ಡ ಸ್ಪೀಕರಿಗೆ ಹಾಕಿ ಹುಲಿ ಗರ್ಜನೆ ಕೇಳಿಸಿದ. ಭೀಮಾ ದಂಡೆಯ ಮೊಸಳೆಗೆ ಹುಲಿ ಅಂದರೆ ಏನೆಂದು ಯಾರು ಹೇಳಿಕೊಟ್ಟಿದ್ದಾರೆ?

“ಮಾಮಾ, ನೀವು ಬರೇ ನಗಾಕತ್ತೀರಿ. ಹುಣ್ಣಿವಿ ಬಂತು, ಮಂದಿ ಬರ್ತದ,” ಅಂದ.

“ಕಬ್ಬಿಣದ ಕೆಲಸ ಕಬ್ಬಿಣಕ್ಕ ಬಿಡು,” ಅಂದೆ.

5 ಮಾರ್ಚ್, ಬುಧವಾರ

ಚುಕ್ಕಾಣಿಯ ಸುತ್ತ ಅರ್ಧ ಇಂಚಿನ ಸರಳಿನ ಪಂಜರ ಮಾಡಿ ಬೆಸೆದೆ. ವೆಲ್ಡಿಂಗ್ ಮಾಡುವಾಗ ಕೈ ಸ್ವಲ್ಪವೂ ನಡುಗಲಿಲ್ಲ. ಎದೆ ಕೊಯ್ದವರು ಬಂದು ನೋಡಬೇಕಿತ್ತು.

ಎರಡೂವರೆಗೆ ಪಂಜರವನ್ನೇ ಕಚ್ಚಿ ತಿರುಚಿದೆ. ಬೆಸುಗೆ ಬಿಟ್ಟಿಲ್ಲ, ಸರಳು ಬಾಗಿದೆ. ಬೆಸುಗೆ ನನ್ನದು, ಸರಳು ಅಫಜಲಪುರದ ಅಂಗಡಿಯವನದು. ತಪ್ಪು ಯಾರದೆಂದು ಸ್ಪಷ್ಟವಾಗಿದೆ.

ಪಂಜರಕ್ಕೆ ಇನ್ವರ್ಟರ್ ಬ್ಯಾಟರಿಯ ಕರೆಂಟು ಹಾಯಿಸಿದರೆ ಹೇಗೆಂದು ಯೋಚಿಸುತ್ತಿದ್ದೇನೆ.

7 ಮಾರ್ಚ್, ಶುಕ್ರವಾರ

ಕಲಬುರಗಿಯಿಂದ ಒಂದು ಹುಡುಗಿ ಬಂದಿದೆ, ಅರಣ್ಯ ಇಲಾಖೆ ಕಳಿಸಿದ ಮೊಸಳೆಯ ಪಂಡಿತೆ. ಹೆಸರು ಪಲ್ಲವಿ, ಊರು ಆಳಂದ. ನನ್ನನ್ನು ನೋಡಿದ ಕೂಡಲೇ ಕಾಕಾ ಅಂದಳು. ಕರೆಂಟಿನ ವಿಷಯ ಕೇಳಿದ ಕೂಡಲೇ, “ಕಾಕಾ, ಇದಕ್ಕ ಜೇಲ್ ಆಗ್ತದ. ಮತ್ತ ಮಂದಿ ಕಾಲು ಅದೇ ನೀರಾಗ ಇರ್ತಾವ,” ಅಂದಳು. ಎರಡನೆಯ ಮಾತು ನನಗೆ ಹೊಳೆದಿರಲಿಲ್ಲ. ಹೊಳೆಯುತ್ತಿತ್ತು, ಅಷ್ಟರಲ್ಲಿ ಅವಳು ಹೇಳಿದಳು.

ಮೊಬೈಲಿನಲ್ಲಿ ಸಮುದ್ರ ತೋರಿಸಿದಳು. “ಸ್ಪೇನ್ ದೇಶದ ಕಡಿ ಓರ್ಕಾ ಅಂತ ತಿಮಿಂಗಿಲ ಅವ ಕಾಕಾ. ಹಾಯಿದೋಣಿಗೋಳ ಚುಕ್ಕಾಣಿ ಹುಡುಕಿ ಹುಡುಕಿ ಮುರೀತಾವ. ಅಲ್ಲಿ ಮಂದೀನೂ ಪಟಾಕಿ ಒಗದ್ರು, ಉಸುಕ ಚೆಲ್ಲಿದ್ರು, ನೀರಾಗ ಪೈಪ್ ಬಡದ್ರು. ಯಾವುದಕ್ಕೂ ಜಗ್ಗಲಿಲ್ಲ.”

“ಯಾಕ ಮುರೀತಾವ?”

“ಖರೇ ಅಂದ್ರ ಯಾರಿಗೂ ಗೊತ್ತಿಲ್ರಿ. ಆಟ ಇರಬೇಕು ಅಂತಾರ.”

ಗೊತ್ತಿಲ್ಲ ಅಂತ ಹೇಳಲು ಇಷ್ಟೊಂದು ಓದಬೇಕಿತ್ತೆ? ಹಾಯಿದೋಣಿ ಇಟ್ಟ ಸಾಹುಕಾರರ ಗತಿಯೂ ಸಿದ್ದಲಿಂಗನ ಗತಿಯೂ ಒಂದೇ ಅಂತ ತಿಳಿದು ಮಾತ್ರ ಸಂತೋಷವಾಯಿತು.

ಹೋಗುವಾಗ ಒಂದು ಕೆಲಸ ಹಚ್ಚಿದಳು. ಮೊಸಳೆ ಬಂದ ದಿನ, ಗಂಟೆ, ಬೋಟಿನ ನಂಬರು, ಅದಕ್ಕೆ ಮುಂಚೆ ಆ ಬೋಟಿನ ಹತ್ತಿರ ಯಾರು ಏನು ಮಾಡುತ್ತಿದ್ದರು, ಎಲ್ಲ ಬರೆದಿಡಬೇಕಂತೆ. ಬರದ ದಿನವನ್ನೂ ಬರೆಯಬೇಕಂತೆ. ನನಗೆ ಹೇಳಿಕೊಡುತ್ತಾಳೆ! ಇದು ನಮ್ಮ ಬ್ರೇಕ್‌ಡೌನ್ ರಿಜಿಸ್ಟರ್. ಗಾಣ ನಿಂತರೆ ಮೊದಲು ಅದನ್ನು ಬರೆಯಬೇಕು, ಆಮೇಲೆ ಪಾನಾ, ಸುತ್ತಿಗೆ ಹಿಡಿಯಬೇಕು. ಅದರಲ್ಲಿ ಯಾರೂ ಸುಳ್ಳು ಬರೆಯುವುದಿಲ್ಲ, ಬರೆದರೆ ಮುಂದಿನ ಪಾಳಿಯವನ ಬೆರಳು ಹೋಗುತ್ತದೆ. ಒಮ್ಮೆ ಬೋಲ್ಟ್ ಬಿಗಿಯದೆ ಬಿಟ್ಟವನು ನಾನೇ ಅಂತ ನನ್ನ ಕೈಯಾರೆ ಬರೆದಿದ್ದೇನೆ. ಈಗಿನವರು ಬರೆಯಲಿ ನೋಡೋಣ.

ಹಳೆಯ ದಿನಗಳನ್ನು ಈ ಡೈರಿ ನೋಡಿ ತುಂಬಿಸಿದೆ.

10 ಮಾರ್ಚ್, ಸೋಮವಾರ

ಮೂರನೇ ನಂಬರನ್ನು ದಂಡೆಗೆ ಎಳೆದು ಹಾಕಿದ್ದೇವೆ. ಜಾಲಿ ನೆರಳಿಗೆ ಐದನೆಯದನ್ನು ಕಟ್ಟಿಸಿ ಈಗ ಅದರಲ್ಲಿ ಕೂರುತ್ತೇನೆ. ಇವತ್ತು ಡಬ್ಬಿಯಲ್ಲಿ ಗೋಧಿ ಹುಗ್ಗಿಯೂ ಇತ್ತು. ಮೀನುಗಳ ಭಾಗ್ಯ.

11 ಮಾರ್ಚ್, ಮಂಗಳವಾರ

ಸೊಲ್ಲಾಪುರಕ್ಕೆ ತೋರಿಸಲು ಹೋಗಿದ್ದೆ. ಸಂಜೆ ಜಗದೇವನನ್ನು ಕೇಳಿ ರಿಜಿಸ್ಟರಿನಲ್ಲಿ ಬರೆದೆ: ಬಂದಿಲ್ಲ. ಡಾಕ್ಟರ್ ರಕ್ತದಲ್ಲಿ ಕೊಬ್ಬು ಏರಿದೆ ಅಂತ ಕನ್ನಡಕ ಏರಿಸಿದ. ಮನೆಯ ಅಡುಗೆ ಉಣ್ಣಿ ಅಂದ. ಯಾವ ಮನೆಯದು, ಐದಿವೆ.

12 ಮಾರ್ಚ್, ಬುಧವಾರ

ಮೊಸಳೆಯ ಕಣ್ಣು ಈಗ ಐದನೇ ನಂಬರಿನ ಮೇಲೆ ಬಿದ್ದಿದೆ. ಎರಡು ಗಂಟೆ ಹತ್ತು ನಿಮಿಷಕ್ಕೆ ಚುಕ್ಕಾಣಿಯ ಮೂಲೆ ಕಿತ್ತಿತು. ಹೊಸದು ಹಾಕಿದ್ದೇನೆ. ನಾಳೆ ಹುಣ್ಣಿಮೆ, ಮೇಲೆ ಗುರುವಾರ, ದತ್ತನ ದಿನ. ಬೋಟು ಬಿಡಬೇಡ ಅಂತ ಹೇಳಿದೆ. ಸಿದ್ದಲಿಂಗ ಕೇಳುವ ಪೈಕಿ ಅಲ್ಲ.

13 ಮಾರ್ಚ್, ಗುರುವಾರ

ಎರಡೂಕಾಲಿಗೆ ಐದನೇ ನಂಬರ್ ಹೊರಟಿತು. ಗಂಡ, ಹೆಂಡತಿ, ಮೊಮ್ಮಗುವನ್ನು ಎತ್ತಿಕೊಂಡ ಒಬ್ಬ ಮುದುಕಿ. ನಡುನೀರಿಗೆ ಹೋಗುವಷ್ಟರಲ್ಲಿ ಹಿಂದೆ ನೀರು ಕುದಿದಂತಾಯಿತು. ಚುಕ್ಕಾಣಿ ಬುಡಸಮೇತ ಹೋಯಿತು. ಪಡುವಣ ಗಾಳಿ ಜೋರಾಗಿತ್ತು. ಬೋಟು ಸುತ್ತುತ್ತ ಬ್ಯಾರೇಜಿನ ಕಡೆ ಸರಿಯಿತು. ಅಲ್ಲಿ ನೀರು ಗೋಡೆಯ ಮೇಲಿಂದ ಬಂಡೆಗಳಿಗೆ ಬೀಳುತ್ತದೆ. ದಂಡೆಯ ಮೇಲಿನ ಸಾವಿರ ಜನ ದತ್ತಾ ದತ್ತಾ ಅಂತ ಕೂಗಿದರು, ನೂರು ಜನ ಮೊಬೈಲ್ ಎತ್ತಿದರು.

ಜಗದೇವ ಕೂಗಲಿಲ್ಲ. ತೆಪ್ಪ ಬಿಚ್ಚಿ ಹೋದ. ಮೊಸಳೆ ಇದ್ದ ನೀರಿಗೇ ಹೋದ. ಬೋಟಿನ ಕುತ್ತಿಗೆಗೆ ಹಗ್ಗ ಹಾಕಿ, ಗಾಳಿಗೆದುರಾಗಿ ಒಬ್ಬನೇ ಹುಟ್ಟು ಹಾಕಿ ದಂಡೆಗೆ ತಂದ. ಮುದುಕಿಯನ್ನು ಇಳಿಸಿಕೊಂಡ ಮೇಲೆ ಅವನ ಅಂಗೈ ನೋಡಿದೆ. ಹಗ್ಗ ಚರ್ಮ ತೆಗೆದಿತ್ತು.

ಫ್ಯಾಕ್ಟರಿಯಲ್ಲಾಗಿದ್ದರೆ ನನ್ನ ಪಾಳಿಗೆ ಹಾಕಿಸಿಕೊಳ್ಳುತ್ತಿದ್ದೆ.

14 ಮಾರ್ಚ್, ಶುಕ್ರವಾರ

ಇವತ್ತು ಬಣ್ಣದ ಹಬ್ಬ. ಬಣ್ಣ ಬಿದ್ದದ್ದು ಜಗದೇವನ ಮೇಲೆ.

ಬೆಳಿಗ್ಗೆ ಘಾಟಿನಲ್ಲಿ ಲಾಡ್ಜಿನವರು, ಹೂವಿನವರು, ಕಾಯಿ ಅಂಗಡಿಯವರು ಸೇರಿದ್ದರು. ಯಾರದೋ ತಲೆ ಬೇಕಿತ್ತು. ಮೀನು ಹಿಡಿಯುವವನು ಮೀನಿನ ತಲೆ, ಕರುಳು ಬೋಟಿನ ಹತ್ತಿರ ಒಗೆಯುತ್ತಾನೆ, ಅದಕ್ಕೇ ಮೊಸಳೆ ಬರುತ್ತದೆ ಅಂತ ಒಬ್ಬ ಅಂದ. ನೋಡಿದವರು ಯಾರೂ ಇಲ್ಲ, ಹೇಳುವವರು ಎಲ್ಲರೂ.

“ನಾ ಒಗದಿಲ್ರಿ ಸಾವ್ಕಾರ್ರ. ಹನ್ನೊಂದ ವರ್ಷ ಆತು, ಒಂದ ದಿನಾನೂ ಘಾಟಿನ್ಯಾಗ ಒಗದಿಲ್ಲ,” ಅಂದ ಜಗದೇವ. ಅವನಿಂದ ನಾನು ಕೇಳಿದ ಅತಿ ಉದ್ದದ ಮಾತು.

ಸಿದ್ದಲಿಂಗ ಅವನ ಮುಖ ನೋಡಲಿಲ್ಲ. “ನಾಳೆಯಿಂದ ಬರಬ್ಯಾಡ. ನಿಮ್ಮ ಓಣಿಯವ್ರು ಯಾರೂ ಇಲ್ಲಿ ಮೀನಿನ ಬಲಿ ಹಾಕಬ್ಯಾಡ್ರಿ,” ಅಂದ. ನಿನ್ನೆ ಬದುಕಿಸಿದ್ದಕ್ಕೆ ಇವತ್ತು ಇನಾಮು.

ಜಗದೇವ ಒಮ್ಮೆ ನನ್ನ ಕಡೆ ನೋಡಿದ. ಯಾಕೋ ಗೊತ್ತಾಗಲಿಲ್ಲ. ನಾನು ಏನೂ ಹೇಳಲಿಲ್ಲ. ಮೀನಿನ ಕರುಳಿಗೆ ಮೊಸಳೆ ಬರುವುದು ಅಸಾಧ್ಯವೇನಲ್ಲ ಅಂತ ನನಗೂ ಅನ್ನಿಸಿತ್ತು. ಆ ಓಣಿಯವರ ಮೇಲೆ ಅನ್ನಿಸುವುದು ಬೇಗ.

16 ಮಾರ್ಚ್, ಭಾನುವಾರ

ಬೋಟು ಬಂದ್. ಪಲ್ಲವಿ ಫೋನು ಮಾಡಿ ರಿಜಿಸ್ಟರ್ ಓದಿ ಹೇಳಿ ಅಂದಳು. ಓದಿದೆ.

“ಕಾಕಾ, ಇದರಾಗ ಒಂದೂ ಬೆಳಗಿನ ಹೊತ್ತು ಇಲ್ಲ. ಮೀನ ಹಿಡಿಯೋದು ಬೆಳಿಗ್ಗಿ ಅಲ್ಲೇನ್ರಿ?”

“ಹೌದು.”

“ಎಲ್ಲಾ ಒಂದೂವರಿಯಿಂದ ಮೂರರ ಒಳಗ. ಮೂರನೇ ನಂಬರ್, ಆಮ್ಯಾಗ ಐದನೇ ನಂಬರ್. ಬರಲಾರದ ದಿನ ಶಿವರಾತ್ರಿ, ಮತ್ತ ಹನ್ನೊಂದನೇ ತಾರೀಖು. ಆ ಎರಡ ದಿನ ಅಲ್ಲಿ ಏನ ಇರಲಿಲ್ಲ ನೋಡ್ರಿ.”

ನೋಡುತ್ತೇನೆ ಅಂತ ಫೋನು ಇಟ್ಟೆ. ನೋಡುವುದೇನಿತ್ತು? ಆ ಎರಡು ದಿನ ಇಲ್ಲದ್ದು ನನ್ನ ಡಬ್ಬಿ. ಒಂದು ಗಂಟೆಗೆ ನಾನು ರೊಟ್ಟಿ ಹಾಕುತ್ತೇನೆ, ಚುಕ್ಕಾಣಿಯ ಬುಡಕ್ಕೆ ಮೀನು ಮುಗಿಬೀಳುತ್ತವೆ, ಮೀನಿಗೆ ಮೊಸಳೆ ಬರುತ್ತದೆ. ನಾನು ಬೋಟು ಬದಲಿಸಿದರೆ ಅದೂ ಬೋಟು ಬದಲಿಸುತ್ತದೆ. ರಿಜಿಸ್ಟರಿನ ಕೊನೆಯ ಖಾನೆ, ಯಾರು ಏನು ಮಾಡುತ್ತಿದ್ದರು ಅನ್ನುವುದು, ಪ್ರತಿ ದಿನವೂ ಖಾಲಿ ಬಿಟ್ಟಿದ್ದೇನೆ. ಮೂವತ್ನಾಲ್ಕು ವರ್ಷದಲ್ಲಿ ಖಾಲಿ ಬಿಟ್ಟ ಖಾನೆ ಇದೊಂದೇ.

17 ಮಾರ್ಚ್, ಸೋಮವಾರ

ಕಾಕತಾಳೀಯ ಇರಬಹುದು.

18 ಮಾರ್ಚ್, ಮಂಗಳವಾರ

ಫಿಟ್ಟರ್ ಆದವನು ಇರಬಹುದು ಅನ್ನುವುದಿಲ್ಲ, ಪರೀಕ್ಷೆ ಮಾಡುತ್ತಾನೆ. ಐದನೇ ನಂಬರಿಗೆ ಹೊಸ ಚುಕ್ಕಾಣಿ ಹಾಕಿ ಅದೇ ಜಾಗದಲ್ಲಿ ಕಟ್ಟಿದೆ. ಡಬ್ಬಿ ಚೆಲ್ಲಲಿಲ್ಲ. ಚೆಲ್ಲದಿದ್ದರೆ ಏನು ಮಾಡುವುದು? ತಿಂದೆ.

ಒಂದು ರೊಟ್ಟಿ ಸೀದಿತ್ತು. ಒಂದು ಮನೆಯ ಪುಂಡಿಪಲ್ಯಕ್ಕೆ ಉಪ್ಪಿಲ್ಲ. ಐದನೇ ಮನೆಯವರು ಶೇಂಗಾ ಹಿಂಡಿಯನ್ನು ಚಮಚದ ತುದಿಯಿಂದ ಹಾಕಿದ್ದಾರೆ, ಜಿಪುಣರು. ಮೊಸಳೆ ಬರಲಿಲ್ಲ.

19 ಮಾರ್ಚ್, ಬುಧವಾರ

ಬರಲಿಲ್ಲ. ಇವತ್ತಿನ ಎರಡನೇ ರೊಟ್ಟಿ ಯಾರೋ ಹಲ್ಲಿಲ್ಲದವರಿಗೆಂದೇ ತಟ್ಟಿದಷ್ಟು ಮೆತ್ತಗಿತ್ತು. ಇಂಥ ರೊಟ್ಟಿ ಬಡಿಯುವವರು ಈ ಊರಲ್ಲಿದ್ದಾರೆ ಅಂತ ಗೊತ್ತಿರಲಿಲ್ಲ.

20 ಮಾರ್ಚ್, ಗುರುವಾರ

ಬರಲಿಲ್ಲ. ಬೋಟು ಮತ್ತೆ ಶುರುವಾಗಿದೆ, ಹಗ್ಗ ಬಿಚ್ಚಲು ಸಿದ್ದಲಿಂಗ ಹೊಸಬನನ್ನು ಇಟ್ಟಿದ್ದಾನೆ. ಅವನು ಹಾಕುವ ಗಂಟು ನೋಡಿದರೆ ಬೋಟಿಗೇ ನಾಚಿಕೆಯಾಗಬೇಕು.

21 ಮಾರ್ಚ್, ಶುಕ್ರವಾರ

ಬರಲಿಲ್ಲ. ನಾಲ್ಕು ದಿನ ಸಾಕು. ಖಾಲಿ ಬಿಟ್ಟ ಖಾನೆಯನ್ನು ಫೆಬ್ರುವರಿಯಿಂದ ತುಂಬಿಸುತ್ತ ಬಂದೆ. ಪ್ರತಿ ಸಾಲಿನಲ್ಲೂ ಅದೇ: ದೌಲತರಾಯ, ಭಿಕ್ಷೆಯ ಡಬ್ಬಿ ನೀರಿಗೆ ಚೆಲ್ಲಿದ್ದು.

ಬರೆದ ಮೇಲೆ ಹಗುರಾಗುತ್ತದೆ ಅನ್ನುತ್ತಾರೆ. ಅನ್ನುವವರು ಮೂರ್ಖರು.

22 ಮಾರ್ಚ್, ಶನಿವಾರ

ಸಿದ್ದಲಿಂಗನಿಗೆ ಹೇಳಿದೆ. ಮೊದಲು ನಕ್ಕ. ಆಮೇಲೆ ಎದ್ದು ಕದ ಹಾಕಿದ.

“ಮಾಮಾ, ಇದನ್ನ ಇಲ್ಲೇ ಮುಚ್ಚಿಬಿಡ್ರಿ. ಅಕ್ಕನ ಭಿಕ್ಷಾ ನೀರಿಗಿ ಚೆಲ್ಲೀರಿ ಅಂತ ಗೊತ್ತಾದ್ರ ಊರಾಗ ನಮ್ಮ ಮಾರಿ ಉಳೀತದೇನು? ಅಕ್ಕಗ ಏನ ಹೇಳ್ತೀರಿ? ನೀವು ಚೆಲ್ಲೋದು ಬಿಟ್ಟೀರಿ, ಮೊಸಳಿ ಬರೋದು ಬಿಟ್ಟದ. ಬಗಿಹರೀತು.”

“ಜಗದೇವ?”

“ಅಂವಗೇನ್ರಿ, ಕಬ್ಬಿನ ಗ್ಯಾಂಗಿನ್ಯಾಗ ಎಲ್ಲೆರ ಹೋಗ್ತಾನ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಎತ್ತು ನಾನು. ನಾಚಿಕೆಯೆಂದರೆ, ಅವನ ಮಾತು ಕೇಳಿ ಒಂದು ಕ್ಷಣ ನನಗೆ ಸಮಾಧಾನವಾಯಿತು. ಆ ಕ್ಷಣಕ್ಕಾಗಿ ನನ್ನ ಮೇಲೆ ನನಗೇ ಹೇಸಿಗೆಯಾಗಿದೆ. ಸಿದ್ದಲಿಂಗನ ಮೇಲೆ ಇದ್ದೇ ಇತ್ತು.

23 ಮಾರ್ಚ್, ಭಾನುವಾರ

ಜಗದೇವನ ಮನೆಗೆ ಹೋದೆ. ಆ ಓಣಿಗೆ ಇದೇ ಮೊದಲು. ಐದಾರು ಮನೆಯ ಮುಂದೆ ಬಲೆಗಳು ಒಣಗಿ ತೂಗಾಡುತ್ತಿದ್ದವು, ಹತ್ತು ದಿನದಿಂದ ನೀರು ಕಂಡಿಲ್ಲ. ಅವನ ತಾಯಿ ಮಲ್ಕಮ್ಮ ಕಟ್ಟೆಯ ಮೇಲೆ ಕುಳಿತಿದ್ದಳು. ನನ್ನನ್ನು ನೋಡಿ ಏಳಲಿಲ್ಲ. ಮಗನನ್ನು ಮಾತ್ರ ಕರೆದಳು.

ನಿಂತೇ ಹೇಳಿದೆ. ಅರ್ಧ ಹೇಳುವಷ್ಟರಲ್ಲಿ ಅವನು, “ನನಗ ಗೊತ್ತದರಿ ಫಿಟ್ಟರ್ ಸಾಹೇಬ್ರ,” ಅಂದ.

“ಯಾವಾಗಿಂದ?”

“ಮದಲಿಂದ. ಡಬ್ಬಿ ಬಿಚ್ಚೋದೂ ನೋಡೇನಿ, ತೊಳ್ಯೋದೂ ನೋಡೇನಿ.”

“ಮತ್ತ ಅವತ್ತ ಯಾಕ ಹೇಳಲಿಲ್ಲ?”

“ಯಾರಿಗಿ ಹೇಳಬೇಕಿತ್ರಿ? ನಿಮ್ಮ ಮಾಮಾ ಭಿಕ್ಷಾ ಚೆಲ್ತಾರ ಅಂತ ಸಾವ್ಕಾರ್ರಿಗಿ ಹೇಳ್ಲ್ಯಾ? ನಂಬ್ತಿದ್ರೇನು? ಮ್ಯಾಲ ಇನ್ನೊಂದ ಮಾತ ಬರ್ತಿತ್ತು, ಇವನ ಕಣ್ಣು ಮಂದಿ ಡಬ್ಬಿ ಮ್ಯಾಗ ಅಂತ.” ತೂಗಾಡುತ್ತಿದ್ದ ಬಲೆಯನ್ನು ಪಕ್ಕಕ್ಕೆ ಸರಿಸಿ, “ಅವತ್ತ ನಿಮ್ಮ ಕಡಿ ನೋಡಿದ್ನಲ್ಲ. ನೀವೇ ಹೇಳ್ತೀರಿ ಅನ್ಕೊಂಡಿದ್ದೆ,” ಅಂದ.

ತಪ್ಪಾಯಿತು, ಕೆಲಸಕ್ಕೆ ಬಾ ಅಂದೆ. ಅವನು ತಲೆಯಾಡಿಸಿದ.

“ನನಗ ಬಂದ ಹೇಳಿದ್ರ ಏನ ಆಗ್ತದ್ರಿ? ನನಗ ಗೊತ್ತಿದ್ದದ್ದೇ. ನನ್ನ ಮ್ಯಾಲ ಅಂದವ್ರೆಲ್ಲಾ ಘಾಟಿನ್ಯಾಗ ಅದಾರ. ಅಲ್ಲಿ ಹೇಳ್ರಿ.”

ಅವನನ್ನು ಸೋಮಾರಿ ಅಥವಾ ಕಳ್ಳ ಅಂತ ಇದೇ ಪುಸ್ತಕದಲ್ಲಿ ಬರೆದಿದ್ದೇನೆ. ಆ ಪುಟ ಹರಿಯುವುದಿಲ್ಲ.

24 ಮಾರ್ಚ್, ಸೋಮವಾರ

ಹೋಗಲಿಲ್ಲ. ಎದೆ ನೋಯುತ್ತಿದೆ ಅಂತ ಸುಮಿತ್ರಾಬಾಯಿಗೆ ಸುಳ್ಳು ಹೇಳಿ ಖೋಲಿಯಲ್ಲಿ ಮಲಗಿದೆ. ಅವಳು ಹೆದರಿ ಕಾಲು ಒತ್ತಿದಳು. ಬಿಸಿಲಲ್ಲಿ ಬರಿಗಾಲಲ್ಲಿ ತಿರುಗಿ ಅವಳ ಹಿಮ್ಮಡಿ ಸೀಳಿದೆ. ಇಷ್ಟು ದಿನ ನಾನು ಅದನ್ನು ನೋಡಿರಲಿಲ್ಲ. ಹೇಡಿಗೆ ಕಾಲು ಒತ್ತಿಸಿಕೊಳ್ಳಲು ಮಾತ್ರ ಬರುತ್ತದೆ.

25 ಮಾರ್ಚ್, ಮಂಗಳವಾರ

ನಲವತ್ತೊಂದನೇ ದಿನ. ಹನ್ನೆರಡೂವರೆಗೆ ಎಲ್ಲರೂ ಚಹಾಕ್ಕೆ ಸೇರುವ ಹೊತ್ತು ನೋಡಿ ಶಮಶಾದಳ ಅಂಗಡಿಯ ಮುಂದೆ ನಿಂತೆ. ಲಾಡ್ಜಿನವರು, ಹೂವಿನವರು, ಕಾಯಿಯವರು, ಸಿದ್ದಲಿಂಗ, ಎಲ್ಲರೂ ಇದ್ದರು. ಬೆಳಿಗ್ಗೆಯೇ ಹೇಳಿ ಕಳಿಸಿದ್ದೆ, ಜಗದೇವ ಬಂದು ತನ್ನ ತೆಪ್ಪದ ಹತ್ತಿರ ನಿಂತಿದ್ದ. ಭಾಷಣ ನನಗೆ ಬರುವುದಿಲ್ಲ. ರಿಜಿಸ್ಟರ್ ತೆಗೆದು ಓದಿದೆ. ತಾರೀಖು, ಗಂಟೆ, ಬೋಟಿನ ನಂಬರು, ಆ ಹೊತ್ತಿಗೆ ದೌಲತರಾಯ ಏನು ಮಾಡಿದ್ದ ಅನ್ನುವುದು.

ನಾಲ್ಕನೇ ಸಾಲು ಓದುವಾಗ ಸುಮಿತ್ರಾಬಾಯಿ ಡಬ್ಬಿ ಹಿಡಿದು ಮೆಟ್ಟಿಲ ಮೇಲೆ ನಿಂತದ್ದು ಕಂಡಿತು. ಇವತ್ತು ಬೇಗ ಬಂದಿದ್ದಳು. ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದರೆ ಮತ್ತೆ ಓದುತ್ತಿರಲಿಲ್ಲ. ಕೊನೆಯವರೆಗೂ ಓದಿದೆ. “ಜಗದೇವ ಏನೂ ಒಗದಿಲ್ಲ. ಒಗದಾಂವ ನಾನು. ಅವನ ಮ್ಯಾಲ ಅಂದದ್ದೆಲ್ಲಾ ನನ್ನ ಮ್ಯಾಲ ಅನ್ರಿ,” ಅಂದೆ.

ಒಬ್ಬಿಬ್ಬರು ನಕ್ಕರು. ಒಬ್ಬ ಶಿವಶಿವಾ ಅಂದು ಕೆನ್ನೆ ಬಡಿದುಕೊಂಡ. “ಅದಕ್ಕೇ ದಿನಾ ನನ್ನ ಭಜಿ ತಿಂತಿದ್ರೇನ್ರಿ?” ಅಂದಳು ಶಮಶಾದ. ಸಿದ್ದಲಿಂಗ ಕಪ್ಪು ಇಟ್ಟು ಎದ್ದುಹೋಗಲು ನೋಡಿದ. ಅವನ ತೋಳು ಹಿಡಿದೆ. ಬಲೆ ಹಾಕಬೇಡಿ ಅಂದದ್ದು ನೀನು, ಹಾಕಿ ಅನ್ನುವುದೂ ನೀನೇ ಅಂದೆ. ಅಷ್ಟು ಜನರ ಎದುರು ಅವನು ಅನ್ನಲೇಬೇಕಾಯಿತು. ಜಗದೇವನ ಹೆಸರು ಹೇಳಿ, “ನಾಳಿಂದ ಬಾರೋ,” ಅಂದ.

“ನಾಳೆ ಯಾಕ್ರಿ,” ಅಂದ ಜಗದೇವ. ನೇರವಾಗಿ ಬಂದು, ಹೊಸಬ ಹಾಕಿದ ಗಂಟನ್ನು ಬಿಚ್ಚಿ ತನ್ನ ಗಂಟು ಹಾಕಿದ. ನನಗೆ ಧನ್ಯವಾದ ಹೇಳಲಿಲ್ಲ. “ಒಂದನೇ ನಂಬರಿನ ಚೈನ್ ಒಣಗ್ಯಾದ. ಎಣ್ಣಿ ಬಿಡ್ರಿ,” ಅಂದ. ಬಿಟ್ಟೆ.

ಕೈ ತೊಳೆದು ಮೆಟ್ಟಿಲಿಗೆ ಬಂದೆ. ಸುಮಿತ್ರಾಬಾಯಿ ಅಲ್ಲಿಯೇ ಕುಳಿತಿದ್ದಳು. ಡಬ್ಬಿ ಬಿಚ್ಚಿ ರೊಟ್ಟಿ ಎರಡು ಪಾಲು ಮಾಡಿ ನನ್ನ ಪಾಲು ಕೈಗಿಟ್ಟಳು. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ನಾನು ತಿಂದು ಮುಗಿಸುವವರೆಗೂ ಕಾದಳು.

“ನಲವತ್ತೊಂದ ದಿನ ಐದೈದು ಮನಿ ಮುಂದ ನಿಂತೇನ್ರಿ,” ಅಂದಳು. “ಬಾಗಿಲಿಗಿ ಬಂದವ್ರು ಒಬ್ಬರೂ ನನ್ನ ಭಿಕಾರಿ ಅಂತ ನೋಡ್ಲಿಲ್ಲ. ನನ್ನ ಮನ್ಯಾಗಿನವ್ರು ಒಬ್ರೇ ನೋಡಿದ್ರು.”

ಮೆಟ್ಟಿಲ ಮೇಲೆ ಬಿದ್ದ ರೊಟ್ಟಿಯ ಚೂರುಗಳನ್ನು ಒಂದೊಂದಾಗಿ ಆರಿಸಿ ತಿಂದೆ.